ಟಿವಿಯವರು ಕದ್ದ ನಮ್ಮ ಮಾವ

ನಮ್ಮ ಸೋದರಮಾವನನ್ನು ಟಿವಿಯವರು ಕದ್ದಿದ್ದಾರೆ! ಹೀಗೆಂದು ಹೇಳುತ್ತಿರುವುದು ನಾನಲ್ಲ, ಸ್ವತಃ ಮಾವ. ಕದ್ದ ಮಾಲು ದಿನವೂ ಸಂಜೆ ಕಾರ್ಟೂನಿನಲ್ಲಿ ಬರುತ್ತದೆ, ಅದಕ್ಕೆ ತಮ್ಮ ಮೀಸೆಯನ್ನೇ ಅಂಟಿಸಿದ್ದಾರೆ ಎಂಬುದು ಅವರ ದೂರು.

ಅನುಮಾನ ಮಾವನಿಗೆ ಹೊಸದಲ್ಲ. ಕ್ಯಾಲನೂರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆ ಅವರದು. ಇರುವುದು ಒಂದೇ ಹಸು. ಅದರ ಹಾಲನ್ನು ತಾವೇ ಕರೆದು, ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಹನಿ ನಿಂತರೆ ಗಟ್ಟಿ ಹಾಲು, ಜಾರಿದರೆ ನೀರು ಬೆರೆತಿದೆ ಎಂದರ್ಥ. ಅಲ್ಲ, ಕರೆದವರು ತಾವು, ಚೆಂಬೂ ತಮ್ಮದು; ನಡುವೆ ನೀರು ಬೆರೆಸಲು ಯಾರು ಬಂದರು? ಕೇಳಿದರೆ, "ಹಸೂನ ನಂಬಕ್ಕಾಗಲ್ಲಮ್ಮ. ಮಧ್ಯಾಹ್ನ ಕೆರೆ ಕಡೆ ಹೋಗಿತ್ತು" ಎನ್ನುತ್ತಾರೆ!

ಹೀಗೆ ಪಾಸಾದ ಹಾಲನ್ನು ಡೇರಿಗೆ ಹಾಕಿ, ಒಂದು ಚೆಂಬು ನಮ್ಮ ಮನೆಗೆ ತಂದು, ಕಾಫಿ ಕುಡಿದು ಹೋಗುವುದು ಅತ್ತೆ ತೀರಿಕೊಂಡ ಮೇಲೆ ಅವರ ಸಂಜೆಯ ಪದ್ಧತಿ. ಆ ಹೊತ್ತಿಗೆ ನನ್ನ ಮಗಳು ಕಾಲೇಜಿನಿಂದ ಬಂದು ಕಾರ್ಟೂನ್ ಹಾಕಿಕೊಂಡು ಕೂತಿರುತ್ತಾಳೆ. ಅದರಲ್ಲೊಂದು ಗೊಂಬೆ ಸಂಸಾರ. ಅಪ್ಪ ತರಕಾರಿಗೆ ಹೊರಟರೆ ಸಿನಿಮಾ ಹೀರೋ ಬಂದಂತೆ ಧೂಳೇಳುತ್ತದೆ. ಡಬ್ಬದಲ್ಲಿ ಉಪ್ಪು ಮುಗಿದರೆ ನ್ಯೂಸ್ ಚಾನೆಲ್‌ನವನು ಬಂದು ಕಿರುಚುತ್ತಾನೆ. ಮಗಳು ಬಿದ್ದು ಬಿದ್ದು ನಗುತ್ತಾಳೆ. ಮಾವ ನಗುವುದಿಲ್ಲ, ಪತ್ತೆ ಹಚ್ಚುತ್ತಾರೆ! ವಯಸ್ಸಿನಲ್ಲಿದ್ದಾಗ ಕೋಲಾರ, ಮುಳಬಾಗಿಲಿನ ಟಾಕೀಸುಗಳಲ್ಲಿ ಕನ್ನಡ, ತೆಲುಗು ಎಂಬ ಭೇದವಿಲ್ಲದೆ ಪಳಗಿದ ಕಣ್ಣದು.

"ಈ ನಡಿಗೆ ತೆಲುಗು ಪಿಚ್ಚರ್‌ದು. ಆ ಅಳು ಸೀರಿಯಲ್‌ದು. ಎಲ್ಲಾ ಕದ್ದಿದ್ದು ಕಣಮ್ಮಾಯಿ!"

"ಕದ್ದಿದ್ದಲ್ಲ ತಾತ, ಅಣಕ ಅದು. ಗೊತ್ತಿರೋರನ್ನ ತಗೊಂಡು ಆಡ್ಕೊಂಡ್ರೇನೇ ನಗು ಬರೋದು" ಎಂದಳು ಮಗಳು.

ಅಯ್ಯೋ, ಈ ಮಾತು ಅವಳ ಬಾಯಲ್ಲಿ ಬರಬಾರದಿತ್ತು! ಅದೇ ವಾರ ಗೊಂಬೆಗಳ ಮನೆಗೊಬ್ಬ ತಾತ ಬಂದ. ತಲೆಗೆ ಮಾವನಂಥದೇ ಟವೆಲು, ಪೊದೆ ಮೀಸೆ. ಬಂದವನೇ ಹಾಲಿಗೆ ಬೆರಳದ್ದಿ, ಹೆಬ್ಬೆರಳ ಉಗುರಿನ ಮೇಲೆ ಹನಿ ಬಿಟ್ಟು, ಒಂದು ಕಣ್ಣು ಮುಚ್ಚಿದ!

"ಇದಿ ನೇನೇ!" ಎಂದು ಮಾವ ಲೋಟ ಕೆಳಗಿಟ್ಟರು. ದಿಗಿಲಾದರೆ ಅವರಿಗೆ ತೆಲುಗು ಬರುತ್ತದೆ. ಆಮೇಲೆ ಕನ್ನಡಕ್ಕೆ ಇಳಿದು, "ಇದು ನಾನೇ! ಗೊತ್ತಿರೋರನ್ನೇ ತಗೋತಾರೆ ಅಂದ್ಯಲ್ಲ, ಈ ಮುದುಕನ್ನ ಎಲ್ಲಿಂದ ತಗೊಂಡ್ರು ಹೇಳು?" ಎಂದರು.

ಈ ತರ್ಕದಲ್ಲಿ ತಪ್ಪು ಹುಡುಕಿ ನೋಡೋಣ! ನನಗಂತೂ ಸಿಗಲಿಲ್ಲ.

ಅಂದಿನಿಂದ ತನಿಖೆ ಶುರು. ನಿಮ್ಮ ಡಿಶ್ಶು ನಮ್ಮ ಕೊಟ್ಟಿಗೆ ಕಡೆಗೇ ಯಾಕೆ ತಿರುಗಿದೆ ಎಂದರು. ಬೀದಿಯ ಎಲ್ಲರ ಡಿಶ್ಶೂ ಆ ಕಡೆಗೇ ತಿರುಗಿದೆ ಎಂದೆ.

"ನೋಡ್ದಾ? ಊರೇ ಸೇರ್ಕೊಂಡೈತೆ!"

ಆಮೇಲೆ ಬಲೆ ಬೀಸಿದರು. ನಮ್ಮ ಮನೆಗೆ ಬಂದಾಗ ಮಾತ್ರ ತಲೆಯ ಟವೆಲನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದರು. ಗೊಂಬೆ ತಾತನೂ ಹಾಗೇ ಮಾಡಿದರೆ ಸುದ್ದಿ ಹೋಗುತ್ತಿರುವುದು ನಮ್ಮ ಮನೆಯಿಂದಲೇ ಎಂದು ಲೆಕ್ಕ. ನಮ್ಮ ದುರದೃಷ್ಟ, ಆ ಗೊಂಬೆ ತಾತನೂ ಒಂದು ಸಂಜೆ ಯಾವುದೋ ಸಿನಿಮಾ ಪೈಲ್ವಾನನನ್ನು ಅಣಕಿಸಲು ಟವೆಲನ್ನು ಸೊಂಟಕ್ಕೆ ಬಿಗಿಯಬೇಕೇ! ಮಾವ ಎದ್ದು ಮಗಳ ಮೊಬೈಲಿನ ಕಡೆ ಬೆರಳು ಮಾಡಿದರು.

"ಯಾವಾಗ್ಲೂ ಅದನ್ನ ಎತ್ತಿ ಹಿಡ್ಕೊಂಡೇ ಇರ್ತೀಯ. ನೀನೇ ಅವ್ರಿಗೆ ಕಳಿಸ್ತಿರೋದು."

"ನಾನ್ಯಾಕೆ ತಾತ..."

"ಬಿಡಮ್ಮ, ಗೊತ್ತಾಯ್ತು."

ಮರುದಿನದಿಂದ ಹಾಲಿನ ಚೆಂಬು ಹೊಸ್ತಿಲ ಹೊರಗೇ ನಿಂತಿತು. ಮಾವ ಒಳಗೆ ಬರಲಿಲ್ಲ. ಅಭ್ಯಾಸಬಲದಿಂದ ಅವರ ಪಾಲಿನ ಡಿಕಾಕ್ಷನ್ ಹಾಕುತ್ತಿದ್ದೆ, ಆರಿದ ಮೇಲೆ ಚೆಲ್ಲುತ್ತಿದ್ದೆ. ಒಂದು ದಿನ ನಾನೂ ಹಾಲಿನ ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡಿಬಿಟ್ಟೆ. ಅನುಮಾನವೂ ನೆಗಡಿಯ ಹಾಗೆ, ಹತ್ತಿರದವರಿಗೆ ಅಂಟುತ್ತದೆ! ಮಗಳು ಮಾತ್ರ ಟಿವಿಯ ಕಡೆ ತಲೆಯೆತ್ತಿಯೂ ನೋಡಲಿಲ್ಲ. ತಾತ ತನ್ನನ್ನು ಚಾಡಿಕೋರಳೆಂದು ತಿಳಿದುಬಿಟ್ಟರಲ್ಲ ಎಂದು ಒಳಗೇ ಕೊರಗುತ್ತಿದ್ದಳು.

ಕಡೆಗೆ ಒಂದು ಸಂಜೆ ನನ್ನನ್ನು ಎಳೆದುಕೊಂಡೇ ಮಾವನ ಮನೆಗೆ ಹೋದಳು. ಹಾಲು ಕರೆದು ಏಳುತ್ತಿದ್ದವರ ಮುಂದೆ ಮೊಬೈಲು ಹಿಡಿದಳು. ಅದೇ ತಾತ, ಅದೇ ಉಗುರು. ಮಾತು ಮಾತ್ರ ಒಮ್ಮೆ ಹಿಂದಿ, ಒಮ್ಮೆ ತಮಿಳು, ಒಮ್ಮೆ ತೆಲುಗು.

"ನೋಡಿ ತಾತ, ನಾನು ಅಂಗನವಾಡಿಗೆ ಹೋಗ್ತಿದ್ದಾಗ ಮಾಡಿದ್ದಂತೆ ಇದು. ಎಲ್ಲೋ ಉತ್ತರದ ಕಡೆಯೋರು ಮಾಡಿದ್ದು. ಈಗ ಕನ್ನಡ ಮಾತು ಸೇರಿಸವ್ರೆ ಅಷ್ಟೆ. ಅವ್ರಿಗೆ ನೀವ್ಯಾರು ಅಂತಾನೇ ಗೊತ್ತಿಲ್ಲ!"

ಮಾವ ನಿಟ್ಟುಸಿರು ಬಿಟ್ಟು ನಗುತ್ತಾರೆಂದುಕೊಂಡೆ. ಅವರು ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಹಂಗಾದ್ರೆ... ಅದು ನಾನಲ್ವಾ?"

"ಅಲ್ಲವೇ ಅಲ್ಲ! ಈಗ ಸಮಾಧಾನ ಆಯ್ತಾ?" ಎಂದೆ.

"ನಿಮ್ಮತ್ತೆ ದಿನಾ ಆಡ್ಕೊಳೋಳು ಕಣಮ್ಮ. ನಾನು ಹಿಂಗೆ ಹನಿ ಬಿಟ್ರೆ, ಹಿಂದ್ಗಡೆ ನಿಂತ್ಕೊಂಡು, ತಲೆಗೆ ಸೆರಗು ಸುತ್ಕೊಂಡು ಹಂಗೇ ಮಾಡೋಳು. ನಾನು ಬೈತಿದ್ದೆ. ಅವಳು ಹೋದ್ಮೇಲೆ..." ಎಂದು ಚೆಂಬನ್ನೇ ನೋಡಿದರು. "ಸಿಟ್ಟು ಬಂತು, ನಿಜ. ಆದ್ರೆ ಯಾರೋ ನನ್ನ ಅಷ್ಟು ಗಮನ ಇಟ್ಟು ನೋಡ್ತಾವ್ರೆ ಅಂದ್ಕೊಂಡಿದ್ದೆ."

ಮಗಳು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಹಗ್ಗದ ಮೇಲಿದ್ದ ಅವರ ಟವೆಲನ್ನು ತಲೆಗೆ ಸುತ್ತಿಕೊಂಡಳು. ಚೆಂಬಿಗೆ ಬೆರಳದ್ದಿ, ಹೆಬ್ಬೆರಳ ಉಗುರಿನ ಮೇಲೆ ಹನಿ ಬಿಟ್ಟು, ಒಂದು ಕಣ್ಣು ಮುಚ್ಚಿ, ದಪ್ಪ ದನಿಯಲ್ಲಿ, "ಹಸೂನ ನಂಬಕ್ಕಾಗಲ್ಲಮ್ಮ!" ಎಂದಳು.

ಮಾವ ಅವಳನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿದರು. ಮೀಸೆ ಅದುರಿತು.

"ಆ ಕಣ್ಣಲ್ಲ ಕಣೇ, ಎಡಗಣ್ಣು ಮುಚ್ಬೇಕು" ಎಂದರು. "ನಿಮ್ಮಜ್ಜಿ ಒಂದಿನಾನೂ ತಪ್ಪಿರಲಿಲ್ಲ."