ಬೀಗದಪ್ಪನವರು ಸೈಕಲ್ಲುಗಳನ್ನು ರೈಲು ಹತ್ತಿಸಿದ್ದು

"ನನ್ನ ಸೈಕಲ್ ಕದಿಯೋ ಗಂಡು ಈ ಭೂಮಂಡಲದ ಮೇಲೆ ಇನ್ನೂ ಹುಟ್ಟಿಲ್ಲ!"

ಹೀಗೆಂದು ಬೀಗದಪ್ಪನವರು ಊಟದ ಮೇಜನ್ನು ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ, ಹೆಂಡತಿ ಹರಡಿಕೊಂಡು ಕೂತಿದ್ದ ನಕ್ಷೆಯ ಮೇಲೆ ನೀರು ಹರಿಯಿತು. ನಕ್ಷೆಯಲ್ಲಿ ಮೊದಲೇ ಒಂದು ನದಿಯಿತ್ತು. ಈಗ ಎರಡಾದವು.

"ಕದಿಯೋ ಹೆಣ್ಣು?" ಎಂದರು ಹೆಂಡತಿ, ಎರಡನೆಯ ನದಿಯನ್ನು ಸೆರಗಿನಿಂದ ಒರೆಸುತ್ತಾ.

"ಅದೂ ಹುಟ್ಟಿಲ್ಲ!"

ಬೀಗದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಬೀಗ ಮಾಡುವುದು, ಬೀಗ ರಿಪೇರಿ ಮಾಡುವುದು, ಬೀಗ ಇಲ್ಲದ ಕಡೆ ಬೀಗ ಹಾಕುವುದು, ಇದು ಅವರ ಕಸುಬು. ಮನೆಯ ಸಕ್ಕರೆ ಡಬ್ಬಕ್ಕೂ ಅವರು ಬೀಗ ಹಾಕಿದ್ದರು. ಇರುವೆಗಳು ಸಾಲಾಗಿ ಬಂದು, ಬೀಗವನ್ನು ಸುತ್ತ ನೋಡಿ, ಮುಖಂಡ ಇರುವೆ ತಲೆಯಾಡಿಸಿದ ಮೇಲೆ ಪಕ್ಕದ ಮನೆಗೆ ಹೋಗುತ್ತಿದ್ದವಂತೆ. ಗಿರಾಕಿಗಳ ವಿಷಯದಲ್ಲೂ ಅವರದು ಒಂದೇ ನಿಯಮ: ಬೀಗ ಇವತ್ತು ಕೊಟ್ಟರೆ ಕೀಲಿಕೈ ನಾಳೆ. ಎರಡೂ ಒಂದೇ ದಿನ ಒಂದೇ ಚೀಲದಲ್ಲಿ ಹೋಗಕೂಡದು. ದಾರಿಯಲ್ಲಿ ಚೀಲ ಕಳೆದರೆ? ಹೀಗಾಗಿ ಅರ್ಧ ಊರು ಒಂದೊಂದು ರಾತ್ರಿ ತನ್ನ ಮನೆಯ ಹೊರಗೆ ಮಲಗಿ ಎದ್ದಿತ್ತು.

ಹೆಂಡತಿಯನ್ನು ಊರೆಲ್ಲ ಸಿಸ್ಟರಮ್ಮ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿ, ಆ ಉದ್ದದ ಮೊಸಾಯಿಕ್ ಹಜಾರದಲ್ಲಿ ಭೂಮಿಗೆ ನಾಲ್ಕು ಸುತ್ತು ಬರುವಷ್ಟು ನಡೆದು, ಈಗಷ್ಟೇ ನಿವೃತ್ತರಾಗಿದ್ದರು. ಅವರಿಗಿದ್ದದ್ದು ಒಂದೇ ಆಸೆ. ನದಿ ಹುಟ್ಟುವ ಬೆಟ್ಟದಿಂದ ನದಿ ಸೇರುವ ಸಮುದ್ರದವರೆಗೆ ದಡದ ಗುಂಟ ಸೈಕಲ್ಲಿನವರಿಗೆಂದೇ ಒಂದು ದಾರಿಯಿದೆ. ಬೆಟ್ಟದ ಬುಡದ ನಿಲ್ದಾಣದವರೆಗೆ ಸೈಕಲ್ಲನ್ನು ರೈಲಿನ ಲಗೇಜು ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಕು. ಕೆಳಗೆ ಸಮುದ್ರ ಮುಟ್ಟಿದ ಮೇಲೆ ಮತ್ತೆ ರೈಲಿನಲ್ಲಿ ಹಾಕಿಕೊಂಡು ಬರಬೇಕು.

"ಗೋಡೆ ನೋಡ್ಕೊಂಡು ನಡೆದದ್ದು ಸಾಕಾಗಿದೆ ಕಣ್ರೀ. ಒಂದ್ಸಲ ನೀರು ನೋಡ್ಕೊಂಡು ಹೋಗಬೇಕು."

ಇದನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಬೀಗದಪ್ಪನವರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. "ನೀನು ಪೆಡಲ್ ತುಳಿ, ಸಾಕು. ರೈಲಿನ ಜವಾಬ್ದಾರಿ ಪೂರ್ತಿ ನಂದು!" ಎಂದುಬಿಟ್ಟರು.

ದಾರಿಯುದ್ದಕ್ಕೂ ರಾತ್ರಿ ತಂಗುವ ಕೋಣೆಗಳನ್ನು ಸಿಸ್ಟರಮ್ಮ ತಿಂಗಳುಗಳ ಮೊದಲೇ ಹಿಡಿದಿಟ್ಟಿದ್ದರು. ಮೊದಲ ದಿನ ಕತ್ತಲಾಗುವುದರೊಳಗೆ ಮೊದಲ ಕೋಣೆ ಸೇರದಿದ್ದರೆ ಅದು ಬೇರೆಯವರ ಪಾಲು. ಅದು ತಪ್ಪಿದರೆ ಮುಂದಿನದೂ ತಪ್ಪಿತು, ಅದರ ಮುಂದಿನದೂ ತಪ್ಪಿತು.

ಹೊರಟ ದಿನ ರೈಲಿನ ಕಡೆಯಲ್ಲಿದ್ದ ಲಗೇಜು ಡಬ್ಬಿಯಲ್ಲಿ ಬೀಗದಪ್ಪನವರು ಕೆಲಸಕ್ಕೆ ನಿಂತರು. ಚೀಲದಿಂದ ಹೊರಬಂದ ಸರಪಳಿ ಹಡಗಿನ ಲಂಗರಿಗೆ ಸ್ವಲ್ಪ ಹೆಚ್ಚೇ ಎನ್ನುವಂತಿತ್ತು. ಅದನ್ನು ತಮ್ಮ ಸೈಕಲ್ಲಿಗೆ ತೂರಿಸಿ, ಹೆಂಡತಿಯ ಸೈಕಲ್ಲಿಗೆ ತೂರಿಸಿ, ಡಬ್ಬಿಯ ಗೋಡೆಯಲ್ಲಿದ್ದ ಕಬ್ಬಿಣದ ಸರಳಿಗೆ ಸುತ್ತಿದರು. ಇನ್ನೂ ಸರಪಳಿ ಉಳಿಯಿತು. ಉಳಿದ ಸರಪಳಿ ಅವರಿಗೆ ಉಳಿದ ಅನ್ನಕ್ಕಿಂತ ಹೆಚ್ಚು ಸಂಕಟದ ವಸ್ತು. ಪಕ್ಕದಲ್ಲೇ ಯಾರದೋ ಜೇನುಪೆಟ್ಟಿಗೆ, ಅದಕ್ಕೊಂದು ಕಬ್ಬಿಣದ ಹಿಡಿ. ಅದರ ಪಕ್ಕ ಬ್ಯಾಂಡಿನ ದೊಡ್ಡ ಡ್ರಮ್ಮು, ಅದಕ್ಕೊಂದು ಕಬ್ಬಿಣದ ಬಳೆ. ಬಿಡಿಬಿಡಿ ಸಾಮಾನನ್ನು ಕಳ್ಳ ಎತ್ತುತ್ತಾನೆ, ಎಲ್ಲ ಒಂದೇ ಗಂಟಾದರೆ ಎತ್ತುವುದಕ್ಕೆ ಆನೆ ತರಬೇಕು! ಪಾಪ, ಅವರ ಸಾಮಾನಿಗೂ ಪುಕ್ಕಟೆ ಕಾವಲು! ಎಂದುಕೊಂಡು ಹಿಡಿಗೂ ಬಳೆಗೂ ತೂರಿಸಿ, ತಮ್ಮ ಜೀವಮಾನದ ಶ್ರೇಷ್ಠ ಬೀಗವನ್ನು ಜಡಿದರು. 'ಟಕ್' ಎಂಬ ಆ ಸದ್ದು ಅವರ ಕಿವಿಗೆ ಸಂಗೀತ.

ರೈಲು ಹೊರಟು, ಪಕ್ಕದ ಬೋಗಿಯಲ್ಲಿ ಕಿಟಕಿಯ ಬಳಿ ಕೂತ ಮೇಲೆ ಸಿಸ್ಟರಮ್ಮ ಕೇಳಿದರು: "ಕೀ ಜೋಪಾನ ತಾನೇ?"

"ಬಹಳ ಜೋಪಾನ. ನನ್ನ ಹತ್ರ ಇಲ್ಲ."

"ನನ್ನ ಹತ್ರಾನೂ ಇಲ್ವಲ್ಲ!"

"ಇರಬಾರದು. ಬೀಗ, ಕೀ ಎರಡೂ ಒಂದೇ ರೈಲಲ್ಲಿ ತಗೊಂಡು ಹೋಗ್ತಾರೇನೇ ಯಾರಾದ್ರೂ? ಹೋದ ವಾರಾನೇ ನಿನ್ನ ತಮ್ಮನಿಗೆ ಕೊರಿಯರ್ ಮಾಡಿದ್ದೀನಿ. ಅವನು ಬೆಟ್ಟದ ಸ್ಟೇಷನ್ನಿಗೆ ಬಂದು, ಕಡೇ ಡಬ್ಬಿ ನಿಲ್ಲೋ ಕಡೆ ನಿಂತಿರ್ತಾನೆ. ನಾವು ಇಳೀತೀವಿ, ಅವನು ಕೊಡ್ತಾನೆ, ನಾನು ತೆಗೀತೀನಿ. ಹೂ ಎತ್ತಿದ ಹಾಗೆ!"

ಸಿಸ್ಟರಮ್ಮನ ಮುಖದಿಂದ ರಕ್ತ ಇಳಿದು ಎಲ್ಲಿಗೋ ಹೋಯಿತು. "ನನ್ನ ತಮ್ಮನ ಕೈಗಾ? ಅವನನ್ನ ನಿಧಾನಿ ಅಂತ ಕರೆಯೋದು ಯಾಕೆ ಗೊತ್ತಾ? ಅವನು ತನ್ನ ಮದುವೆಗೇ ಲೇಟಾಗಿ ಬಂದೋನು! ಅಲ್ಲಿ ರೈಲು ನಿಲ್ಲೋದು ಎಷ್ಟು ಹೊತ್ತು?"

"ಎರಡು ನಿಮಿಷ. ಧಾರಾಳ!"

ಆಗಲೇ ಮೊದಲ ನಿಲ್ದಾಣ ಬಂತು. ಲಗೇಜು ಡಬ್ಬಿಯ ಕಡೆಯಿಂದ ಗಾರ್ಡಿನ ಗರ್ಜನೆ ಕೇಳಿತು.

"ಯಾವ ಪುಣ್ಯಾತ್ಮನ್ರೀ ಇದು? ಯಾರ್ರೀ ಈ ಸರಪಳಿ ಹಾಕಿದ್ದು?"

ಬೀಗದಪ್ಪನವರು ಓಡಿದರು. ಹಿಂದೆಯೇ ಸಿಸ್ಟರಮ್ಮ. ಅಲ್ಲಿ ಬ್ಯಾಂಡಿನವನು ತನ್ನ ಡ್ರಮ್ಮನ್ನು ಅಪ್ಪಿಕೊಂಡು ಎಳೆಯುತ್ತಿದ್ದ. ಅವನು ಎಳೆದಾಗ ಜೇನುಪೆಟ್ಟಿಗೆ ಅಲುಗುತ್ತಿತ್ತು. ಅದು ಅಲುಗಿದಾಗ ಒಳಗಿನಿಂದ ಸಾವಿರ ಜನ ಒಟ್ಟಿಗೆ ಹಲ್ಲು ಕಡಿದಂಥ ಸದ್ದು ಬರುತ್ತಿತ್ತು.

"ತೆಗೀರಿ ಯಜಮಾನ್ರೇ! ಸ್ಕೂಲಲ್ಲಿ ಮಕ್ಕಳ ಕವಾಯತು. ನಾನು ಬಾರಿಸದಿದ್ರೆ ಒಂದು ಮಗೂನೂ ಎಡಗಾಲು ಎತ್ತಲ್ಲ!"

"ತೆಗೀಬಹುದಿತ್ತು," ಎಂದರು ಬೀಗದಪ್ಪನವರು, ಗಂಟಲು ಸರಿಮಾಡಿಕೊಂಡು, "ಕೀ ಮಾತ್ರ ಬೆಟ್ಟದ ಸ್ಟೇಷನ್ನಿನಲ್ಲಿದೆ."

ಆಮೇಲೆ ಬ್ಯಾಂಡಿನವನು ಆಡಿದ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ಡ್ರಮ್ಮನ್ನು ಬಿಟ್ಟು ಇಳಿಯುವಂತಿಲ್ಲ, ಡ್ರಮ್ಮಿನೊಂದಿಗೆ ಇಳಿಯುವಂತಿಲ್ಲ. ರೈಲು ಅವನನ್ನೂ ಹೊತ್ತು ಹೊರಟಿತು.

ಮುಂದಿನ ನಿಲ್ದಾಣದಲ್ಲಿ ಪೆಟ್ಟಿಗೆಯೊಂದಿಗೆ ಇಳಿಯಲೆಂದು ಜೇನು ಸಾಕುವ ಅಜ್ಜ ಬಂದರು. ಅವರು ಬೈಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಬೀಗ ನಿಮ್ಮದೇನಪ್ಪ?"

"ಹೌದು."

"ಚೆನ್ನಾಗಿದೆ. ಆದ್ರೆ ಈ ಪೆಟ್ಟಿಗೆ ಮುಚ್ಚಳ ಸಡಿಲ ಆಗ್ತಾ ಇದೆ. ನಮ್ಮ ಹುಡುಗೀರಿಗೆ ಸಿಟ್ಟು ಬಂದ್ರೆ ನಾನು ಜವಾಬ್ದಾರ ಅಲ್ಲ," ಎಂದು ಅವರೂ ಪೆಟ್ಟಿಗೆಯ ಪಕ್ಕ ಕೂತುಬಿಟ್ಟರು.

ಹುಡುಗಿಯರು ಎಂದರೆ ಜೇನುನೊಣಗಳು ಎಂದು ತಿಳಿದಾಗ ಬೀಗದಪ್ಪನವರ ಜೀವ ಬಾಯಿಗೆ ಬಂತು. ಹೆಂಡತಿಯ ತಲೆಯಿಂದ ಹೇರ್‌ಪಿನ್ ಕಿತ್ತು, ಬೀಗದ ಮುಂದೆ ಮಂಡಿಯೂರಿದರು. ಪಿನ್ನು ಮುರಿಯಿತು. ಬ್ಯಾಂಡಿನವನು ಸೇಫ್ಟಿಪಿನ್ ಕೊಟ್ಟ, ಅದು ಡೊಂಕಾಯಿತು. ಗಾರ್ಡು ತನ್ನ ಪೆನ್ನಿನ ಕ್ಲಿಪ್ ಕೊಟ್ಟ, ಅದು ಒಳಗೇ ಉಳಿಯಿತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಬೀಗದಪ್ಪನವರ ಕಣ್ಣಲ್ಲಿ ಒಂದು ಹೊಳಪು.

"ನೋಡಿದ್ಯೇನೇ? ನನ್ನ ಕೈಲೇ ಆಗ್ತಿಲ್ಲ! ಎಂಥ ಬೀಗ!"

"ಹೊಗಳಿಕೊಳ್ಳಿ," ಎಂದರು ಸಿಸ್ಟರಮ್ಮ. "ಹಾರ ತರಿಸ್ಲಾ?"

ಅವರು ಕಿಟಕಿಯಾಚೆ ನೋಡುತ್ತಿದ್ದರು. ಮೊದಲ ಬಾರಿಗೆ ನದಿ ಕಾಣಿಸಿತ್ತು. ಬಿಸಿಲಲ್ಲಿ ತೆಳ್ಳಗೆ ಮಿನುಗುತ್ತಾ, ರೈಲಿನ ಜೊತೆ ಸ್ವಲ್ಪ ದೂರ ಬಂದು, ತಿರುಗಿ ಹೋಯಿತು. ಬೀಗದಪ್ಪನವರು ಅದನ್ನು ನೋಡಿದರು, ಹೆಂಡತಿಯ ಕತ್ತನ್ನು ನೋಡಿದರು. ಕಣ್ಣಿನ ಹೊಳಪು ತಟ್ಟನೆ ಆರಿತು.

ಜಂಕ್ಷನ್ನಿನಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಎಂಜಿನ್ನನ್ನು ಕಳಚಿ ಆ ತುದಿಯಿಂದ ಈ ತುದಿಗೆ ತಂದು ಜೋಡಿಸಿದರು. ಹಿಂದಿದ್ದ ಲಗೇಜು ಡಬ್ಬಿ ಈಗ ಎಂಜಿನ್ನಿನ ಬೆನ್ನಿಗೇ ಬಂತು.

"ರೀ," ಎಂದರು ಸಿಸ್ಟರಮ್ಮ, "ನನ್ನ ತಮ್ಮ ಎಲ್ಲಿ ನಿಂತಿರ್ತಾನೆ ಅಂದ್ರಿ?"

"ಕಡೇ ಡಬ್ಬಿ ಹತ್ರ..." ಎಂದು ಹೇಳುವಷ್ಟರಲ್ಲಿ ಬೀಗದಪ್ಪನವರ ಬಾಯಿ ಒಣಗಿ ಸಿಮೆಂಟಾಗಿತ್ತು.

ಬೆಟ್ಟದ ನಿಲ್ದಾಣ ಬಂತು. ಪ್ಲಾಟ್‌ಫಾರ್ಮಿನ ಉದ್ದ ಎಷ್ಟೆಂದರೆ, ಅದರ ಆ ತುದಿಯಲ್ಲಿ ಬೇರೆ ಹವಾಮಾನವಿತ್ತು. ಅಲ್ಲಿ ಒಂದು ಚುಕ್ಕೆ. ಚುಕ್ಕೆ ಕೈ ಬೀಸಿತು. ಆಮೇಲೆ, ಸಂಜೆ ಉದ್ಯಾನದಲ್ಲಿ ಗಾಳಿ ಸೇವಿಸುವವರ ಗತ್ತಿನಲ್ಲಿ ನಡೆದು ಬರತೊಡಗಿತು.

"ಓಡೋ!" ಎಂದು ಕಿರುಚಿದರು ಸಿಸ್ಟರಮ್ಮ. ಇಷ್ಟು ವರ್ಷ ವಾರ್ಡಿನಲ್ಲಿ ಒಮ್ಮೆಯೂ ದನಿ ಎತ್ತದ ಸಿಸ್ಟರಮ್ಮ! "ಓಡೋ ನಿಧಾನೀ!"

ಚುಕ್ಕೆ ಮನುಷ್ಯನಾಯಿತು, ಮನುಷ್ಯ ಭಾವಮೈದನಾದ. ದೂರದಿಂದಲೇ ಕೂಗಿದ: "ಭಾವಾ! ಗಾಬರಿ ಆಗ್ಬೇಡಿ! ಕೀ ತುಂಬಾ ಜೋಪಾನವಾಗಿದೆ!"

"ಎಲ್ಲಿ? ಕೊಡು, ಎಸಿ!"

"ಮನೇಲಿ! ನೀವೇ ಹೇಳಿದ್ರಲ್ಲ, ಕೀ ಹಿಡ್ಕೊಂಡು ಬೀದಿ ಸುತ್ತಬಾರದು ಅಂತ!"

ಬೀಗದಪ್ಪನವರು ಸರಪಳಿಯ ಮೇಲೆಯೇ ಕುಸಿದು ಕೂತರು. ಪೆಟ್ಟಿಗೆ ಅಲುಗಿತು, ಮುಚ್ಚಳ ಕೂದಲೆಳೆಯಷ್ಟು ಸರಿಯಿತು. ಒಬ್ಬಳು ಹುಡುಗಿ ಹೊರಬಂದು, ಸುತ್ತ ನೋಡಿ, ಅಷ್ಟು ಜನರಲ್ಲಿ ಗಾರ್ಡಿನ ಮೂಗನ್ನೇ ಆರಿಸಿಕೊಂಡಳು.

"ಅಯ್ಯಯ್ಯೋ! ಇಳಿಸ್ರೀ! ಏನಾದ್ರೂ ಮಾಡಿ ಇಳಿಸ್ರೀ ಇದನ್ನ!"

"ಈ ಸರಳು ಬಿಚ್ಚಬಹುದಾ?" ಎಂದರು ಸಿಸ್ಟರಮ್ಮ.

"ಅದು ರೈಲ್ವೆ ಸ್ವತ್ತು..." ಎನ್ನುವಾಗ ಮೂಗು ಬದನೆಕಾಯಿಯ ಗಾತ್ರಕ್ಕೆ ಬಂತು. "ಬಿಚ್ಚಿ! ತಾಯಿ, ಬಿಚ್ಚಿ!"

ಸಿಸ್ಟರಮ್ಮ ತಮ್ಮ ಸೈಕಲ್ಲಿನ ಚೀಲದಿಂದ ಸ್ಪ್ಯಾನರ್ ತೆಗೆದು ಸರಳಿನ ನಟ್ಟುಗಳಿಗೆ ಹಾಕಿದರು. ವರ್ಷಗಟ್ಟಲೆ ಇಂಜೆಕ್ಷನ್ ಚುಚ್ಚಿದ ಕೈ ಒಂದೊಂದಾಗಿ ನಟ್ಟು ತಿರುಗಿಸಿತು. ಗಾರ್ಡು ಒಂದು ಕೈಯಲ್ಲಿ ಮೂಗು, ಒಂದು ಕೈಯಲ್ಲಿ ಹಸಿರು ಬಾವುಟ ಹಿಡಿದು ಕುಣಿಯುತ್ತಿದ್ದ. ಎಂಜಿನ್ನು ಕೂಗಿತು. ಕೊನೆಯ ನಟ್ಟು ಕಳಚಿತು. ಎರಡು ಸೈಕಲ್ಲು, ಒಂದು ಡ್ರಮ್ಮು, ಒಂದು ಜೇನುಪೆಟ್ಟಿಗೆ, ಒಂದು ರೈಲ್ವೆ ಸರಳು, ಎಲ್ಲವೂ ಒಂದೇ ಸಂಸಾರವಾಗಿ ಪ್ಲಾಟ್‌ಫಾರ್ಮಿಗೆ ಇಳಿದವು. ಬೀಗ ಮಾತ್ರ ಮಿಸುಕಲಿಲ್ಲ.

"ಸರಳು ವಾಪಸ್ ಬರ್ಬೇಕು!" ಎಂದು ಕೂಗುತ್ತಾ ಗಾರ್ಡಿನ ಮೂಗು ದೂರವಾಯಿತು.

ನಿಧಾನಿ ಕೀಲಿಕೈ ತರಲು ಮನೆಗೆ ಹೋದ. ಓಡುತ್ತಲೇ ಹೋದ, ಅಕ್ಕನ ಮುಖ ಹಾಗಿತ್ತು. ಹೋದವನು ಬರುವವರೆಗೆ ಸಿಸ್ಟರಮ್ಮ ಒಮ್ಮೆಯೂ ಕೂರಲಿಲ್ಲ. ಬಿಸಿಲನ್ನು ನೋಡುವರು, ನೆರಳನ್ನು ನೋಡುವರು, ಗಂಡನನ್ನು ಮಾತ್ರ ನೋಡುವುದಿಲ್ಲ. ಬೀಗದಪ್ಪನವರಿಗೆ ಜೇನು ಕಚ್ಚಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೊನೆಗೂ ಕೀಲಿಕೈ ಬಂತು. ಬೀಗದಪ್ಪನವರು ಹೆಂಡತಿಯ ಔಷಧಿ ಡಬ್ಬದ ಚಿಮುಟದಿಂದ ಪೆನ್ನಿನ ಕ್ಲಿಪ್ ಎಳೆದು, ಕೀಲಿಕೈ ತಿರುಗಿಸಿದರು. ಟಕ್! ಸಂಗೀತ ಯಾರಿಗೂ ಕೇಳಿಸಲಿಲ್ಲ.

"ಈಗ ಹೊರಟ್ರೆ ಕತ್ತಲಾಗೋದರೊಳಗೆ ಸೇರ್ತೀನಿ," ಎಂದರು ಸಿಸ್ಟರಮ್ಮ, ಸೈಕಲ್ ಹಿಡಿದು.

"ಸೇರ್ತೀವಿ," ಎಂದು ತಿದ್ದಿದರು ಗಂಡ.

"ಇವರ ಗತಿ?" ಸಿಸ್ಟರಮ್ಮ ತಿರುಗಿ ಬ್ಯಾಂಡಿನವನನ್ನೂ ಅಜ್ಜನನ್ನೂ ತೋರಿಸಿದರು. ವಾಪಸು ರೈಲು ಸಂಜೆಗೆ. ಅಷ್ಟರಲ್ಲಿ ಕವಾಯತು ಮುಗಿದಿರುತ್ತದೆ. ಆದರೆ ರಸ್ತೆಯಲ್ಲಿ ಬ್ಯಾಂಡಿನವನ ಊರಿಗೆ ಇಳಿಜಾರು, ಸೈಕಲ್ ಸಿಕ್ಕರೆ ಸಾಕು. "ನಿಮ್ಮ ಸೈಕಲ್ ಬ್ಯಾಂಡಿನವರಿಗೆ ಕೊಡಿ. ಇನ್ನು ಅಜ್ಜನ ಪೆಟ್ಟಿಗೆ ಮುಚ್ಚಳ ಸಡಿಲ ಮಾಡಿದ್ದು ಯಾರು?"

"ನಾನು."

"ಅವರ ಮನೆ ಮುಟ್ಟೋವರೆಗೆ ಅದನ್ನ ಒತ್ತಿ ಹಿಡಿಯೋದು ಯಾರು?"

ಬೀಗದಪ್ಪನವರು ಮೆಲ್ಲಗೆ ಹೋಗಿ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿದರು. ಒಳಗಿನಿಂದ ಹುಡುಗಿಯರು ಅಂಗೈಗೆ ಗುನುಗಿದರು.

"ನೀನೊಬ್ಳೇ ಹೋಗ್ತೀಯಾ? ನದಿ, ಕಾಡು, ಕತ್ತಲು..."

"ರಾತ್ರಿ ಪಾಳಿ ಮುಗಿಸಿ ಅಷ್ಟು ವರ್ಷ ಒಬ್ಬಳೇ ಬಂದಾಗ ನೀವು ಗೊರಕೆ ಹೊಡೀತಿದ್ರಿ," ಎಂದು ಸಿಸ್ಟರಮ್ಮ ಪೆಡಲ್ ಮೇಲೆ ಕಾಲಿಟ್ಟರು. ಒಂದು ಗಳಿಗೆ ನಿಂತು, "ಸಮುದ್ರದ ಸ್ಟೇಷನ್ನಿಗೆ ಬಂದು ಕಾಯ್ತಿರಿ," ಎಂದರು. ಹೊರಟೇಬಿಟ್ಟರು.

ಆಮೇಲಿನ ದಿನಗಳಲ್ಲಿ ಬೀಗದಪ್ಪನವರು ಊಟ ಮಾಡಿದ್ದನ್ನು ಕಂಡವರಿಲ್ಲ. ಕಾಯಬೇಕಾದ ದಿನಕ್ಕಿಂತ ಮೊದಲೇ ಸಮುದ್ರದ ನಿಲ್ದಾಣಕ್ಕೆ ಹೋಗಿ, ಬೆಂಚು ಸವೆಯುವಂತೆ ಕೂತರು. ದೂರದಲ್ಲಿ ಸೈಕಲ್ ಗಂಟೆ ಕೇಳಿದಾಗಲೆಲ್ಲ ಎದ್ದು ನಿಂತು, ಹಾಲಿನವರಿಗೆ, ಅಂಚೆಯವರಿಗೆ, ಒಬ್ಬ ಪಾದ್ರಿಗೆ ಕೈ ಬೀಸಿದರು. ಕೊನೆಗೆ ಬಂದದ್ದು ಸಿಸ್ಟರಮ್ಮನೇ. ಬಿಸಿಲಿಗೆ ಕಂದಿದ ಮುಖ, ಕೆಸರು ಹಿಡಿದ ಕಾಲು, ಹತ್ತು ವರ್ಷ ಎಳೆಯದಾದ ಕಣ್ಣು.

ಏನೇನೋ ಹೇಳಬೇಕೆಂದಿದ್ದ ಬೀಗದಪ್ಪನವರ ಬಾಯಿಂದ ಬಂದದ್ದು ಮಾತ್ರ ಇಷ್ಟು: "ರಾತ್ರಿ ಹೊತ್ತು ಸೈಕಲ್ಲಿಗೆ ಬೀಗ?"

"ಗೋಡೆಗೆ ಒರಗಿಸ್ತಿದ್ದೆ."

"ಕಳ್ಳ ಬಂದಿದ್ರೆ?"

"ಬಂದಿದ್ರೆ ಒಂದು ಸೈಕಲ್ ಒಯ್ತಿದ್ದ. ನಿಮ್ಮ ಬೀಗ ಒಂದು ಬ್ಯಾಂಡು, ಒಂದು ಜೇನುಗೂಡು, ಒಂದು ಸರಳು, ಒಂದು ಮೂಗು ಒಯ್ತು."

ರೈಲು ಬಂತು. ಲಗೇಜು ಡಬ್ಬಿಯ ಬಾಗಿಲಲ್ಲಿ ಬೇರೊಬ್ಬ ಗಾರ್ಡು. ಬೀಗದಪ್ಪನವರು ಓಡಿಹೋಗಿ ಸೈಕಲ್ಲನ್ನು ಎತ್ತಿ ಒಳಗಿಟ್ಟು, ಅದರ ಪಕ್ಕ ನೆಲದ ಮೇಲೆಯೇ ಕೂತರು. ಈ ಸಲ ಒಂದು ದಾರದ ಎಳೆಯನ್ನೂ ಕಟ್ಟಲಿಲ್ಲ.

"ಅಮ್ಮಾ," ಎಂದ ಗಾರ್ಡು, "ಇಲ್ಲಿ ಕಳ್ಳರ ಕಾಟ ಜಾಸ್ತಿ. ಬೆಲೆಬಾಳೋದನ್ನ ಕಣ್ಣೆದುರು ಇಟ್ಕೊಳ್ಳಿ."

"ಹಾಗಾದ್ರೆ ಸೈಕಲ್ಲನ್ನ ನನ್ನ ಸೀಟಿಗೆ ಕಾಣೋ ಹಾಗೆ ಈ ಕಡೆ ತಳ್ಳಪ್ಪಾ," ಎಂದರು ಸಿಸ್ಟರಮ್ಮ. "ಇವರು ಎಲ್ಲಿ ಕೂತ್ರೂ ಪರವಾಗಿಲ್ಲ. ಯಾರೂ ಒಯ್ಯಲ್ಲ."