ಜೊಳ್ಳು ಹೂವಿನ ಮೇಲೆ ಲಕ್ಷ್ಯ

2013ರ ಜೂನ್ ಕೊನೆಯ ವಾರ ತೆಲಸಂಗದ ನಮ್ಮ ಹಿತ್ತಿಲಿನಲ್ಲಿ ಹದಿಮೂರು ಸವತಿಕಾಯಿ ಬೀಜಗಳನ್ನು ಊರಲಾಯಿತು. ಇದ್ದದ್ದೇ ಅಷ್ಟು. ಯುಗಾದಿಗೆ ಮೊದಲು ತೀರಿಕೊಂಡ ನನ್ನ ಅತ್ತೆ ಸಣ್ಣ ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟಿದ್ದ ಜವಾರಿ ತಳಿ. ಕಾಯಿ ಗಿಡ್ಡ, ಹಳದಿ, ಮೈತುಂಬ ಬಿಳಿ ಪಟ್ಟೆ. ಹೊಸ ಬೀಜ ಬಂದರೆ ಅರ್ಧ ನನ್ನ ಹೆಂಡತಿ ಸುನಂದಾಗೆ, ಅರ್ಧ ಶಿರಗುಪ್ಪಿಯಲ್ಲಿರುವ ಅವಳ ತಂಗಿಗೆ. ತಾಯಿಯಿಂದ ಇಬ್ಬರಿಗೂ ಉಳಿದದ್ದು ಇದೊಂದೇ.

ಬಳ್ಳಿ ಹೂ ಬಿಡುವ ಹೊತ್ತಿಗೆ ತಂಗಿಗೆ ಹೆರಿಗೆಯಾಯಿತು. ಬಾಣಂತನ ಮಾಡಲು ತಾಯಿ ಇಲ್ಲ, ಸುನಂದಾ ಹೊರಟಳು. ಬಸ್ಸು ಹತ್ತುವಾಗ ಹೇಳಿದಳು:

“ರೀ, ಜೊಳ್ಳ ಹೂವಿನ ಮ್ಯಾಲ ಲಕ್ಷ್ಯ ಇರ್ಲಿ. ಅವ್ವ ಅದನ್ನ ಭಾಳ ಹೇಳ್ತಿದ್ಲು.”

“ನೀ ಆರಾಮ ಹೋಗ,” ಎಂದೆ.

ನಾನು ಅಥಣಿಯ ಪತ್ರಿಕೆಯೊಂದರಲ್ಲಿ ವರದಿ ತಿದ್ದುವವನು, ಆಗೀಗ ಕೃಷಿಯ ಬಗ್ಗೆ ಬರೆಯುವವನು. ಇಪ್ಪತ್ತು ವರ್ಷ ಬೇರೆಯವರ ಬರಹದ ಜೊಳ್ಳು ಹೊಡೆದುಹಾಕಿಯೇ ಹೊಟ್ಟೆ ಹೊರೆದವನು. ಜೊಳ್ಳಿನ ಮೇಲೆ ಲಕ್ಷ್ಯ ಇಡುವುದನ್ನು ನನಗೆ ಹೇಳಿಕೊಡಬೇಕೆ!

ಸ್ಥಳ ಪರಿಶೀಲನೆ ನಡೆಸಲಾಯಿತು. ಹೂಗಳಲ್ಲಿ ಎರಡು ಬಗೆ. ಕೆಲವಕ್ಕೆ ಬುಡದಲ್ಲೇ ಬೆರಳ ತುದಿಯಷ್ಟು ಪುಟ್ಟ ಕಾಯಿ. ಉಳಿದವಕ್ಕೆ ಬರೀ ತೊಟ್ಟು. ಅರಳುವುದು, ಬಾಡುವುದು, ಉದುರುವುದು. ಉತ್ಪಾದನೆ ಶೂನ್ಯ. ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಅವನ್ನೆಲ್ಲ ಕಿತ್ತೊಗೆದೆ.

ಪಕ್ಕದ ಮನೆಯ ಬಾಳವ್ವ ಕಾಕು ಅಂಗಡಿಯಿಂದ ತಂದ ಹೈಬ್ರಿಡ್ ಸವತಿ ಹಾಕಿದ್ದಳು. ಅದರ ಬೆರಕೆ ನಮ್ಮ ತಳಿಗೆ ತಗಲಬಾರದೆಂದು ಹಳೆಯ ಸೊಳ್ಳೆ ಪರದೆಯನ್ನು ಬಳ್ಳಿಗೆ ಹೊದಿಸಿದೆ. ಗೋಡೆಯ ಆಚೆಯಿಂದ ಕಾಕು ಕೇಳಿದಳು:

“ಏನ್ರಿ ಪೇಪರಿನವ್ರ, ಸವತಿ ಬಳ್ಳಿಗೂ ಸೊಳ್ಳಿ ಕಡೀತಾವೇನ್ರಿ?”

“ಜೇನ ಒಳಗ ಬರಬಾರ್ದು, ಕಾಕು. ತಳಿ ಕೆಡತೈತಿ.”

“ಜೇನ ಬರದ ಕಾಯಿ ಹೆಂಗ ಹಿಡೀತೈತ್ರಿ?”

“ಅದನ್ನೆಲ್ಲಾ ನಾ ಪೇಪರಿನ್ಯಾಗ ಬರದೇನಿ.”

ಬರೆದದ್ದು ನಿಜ. ಬರೆದದ್ದನ್ನು ಓದಿಕೊಂಡಿರಲಿಲ್ಲ.

ಪುಟ್ಟ ಕಾಯಿಗಳು ಒಂದೊಂದಾಗಿ ಹಳದಿ ತಿರುಗಿ ಬಿದ್ದವು. ಪರದೆ ಹರಿದಿದ್ದ ಕಡೆ ಒಂದೇ ಒಂದು ನಿಂತಿತು. ಒಂದು ತುದಿ ದಪ್ಪ, ಇನ್ನೊಂದು ಸಣಕಲು, ನಡುವೆ ಸೊಟ್ಟ. ಥೇಟ್ ಪ್ರಶ್ನಾರ್ಥಕ ಚಿಹ್ನೆ!

ಸುನಂದಾ ಬಂದವಳೇ ಪರದೆ ಎತ್ತಿದಳು. ಬಳ್ಳಿ ಆಗಲೇ ಒಣಗತೊಡಗಿತ್ತು.

“ಜೊಳ್ಳ ಹೂ ಎಲ್ಲಿ ಹೋದ್ವುರೀ?”

“ಒಂದೂ ಬಿಟ್ಟಿಲ್ಲ!” ಎಂದೆ ಹೆಮ್ಮೆಯಿಂದ.

ಅವಳು ಒಗೆಯುವ ಕಲ್ಲಿನ ಮೇಲೆ ಕೂತಳು.

“ಅವು ಗಂಡ ಹೂರೀ. ಕಾಯಿ ಕೊಡೂದಿಲ್ಲಂತ ಅವ್ವ ಜೊಳ್ಳ ಅಂತಿದ್ಲು. ಅದರ ಪುಡಿ ಹೆಣ್ಣ ಹೂವಿಗೆ ಬಿದ್ರನ ಬೀಜ ತುಂಬತಾವ. ಕಾಯ್ರಿ ಅಂದ್ರ ಕಿತ್ತ ಒಗದ್ರ್ಯಾ?”

“ಮನ್ಯಾಗಿನ ದೊಡ್ಡ ಜೊಳ್ಳ ಹಂಗ ಉಳದೈತಲ್ಲವ್ವಾ!” ಗೋಡೆಯಾಚೆಯಿಂದ ಕಾಕು. ಸುನಂದಾ ನಗಲಿಲ್ಲ.

ಕಾಯಿ ಬಲಿತು ಹಣ್ಣಾದ ಮೇಲೆ ಬೀಜ ಬಿಡಿಸಿ ನೀರಿಗೆ ಹಾಕಿದೆವು. ಹೆಚ್ಚುಕಡಿಮೆ ಎಲ್ಲವೂ ತೇಲಿದವು. ಒತ್ತಿದರೆ ಒಳಗೆ ಗಾಳಿ. ಜೊಳ್ಳು! ಮುಳುಗಿದವು ನಾಲ್ಕು. ನಾನು ಆ ನಾಲ್ಕನ್ನು ಅಂಗೈಯಲ್ಲಿ ಹಿಡಿದು ಕಾಕುವಿಗೆ ತೋರಿಸಿದೆ.

“ನಿಮ್ಮಲ್ಲಿ ಗಂಡ ಹೂನ ಇರ್ಲಿಲ್ಲ. ಪುಡಿ ಎಲ್ಲಿಂದ ಬಂತು?” ಎಂದಳು. “ಜೇನ ನಮ್ಮ ಬಳ್ಳಿಂದ ಹೊತ್ತ ತಂದೈತಿ. ಇವು ನಮ್ಮ ಹೈಬ್ರಿಡ್ಡಿನ ಮಕ್ಕಳ್ರಿ. ನಾವು ನೀವು ಬೀಗರಾದ್ವಿ!”

ಶಿರಗುಪ್ಪಿಯಿಂದ ತಂಗಿಯ ಫೋನು ಬಂತು. “ಅಕ್ಕಾ, ಅವ್ವನ ಬೀಜ ಯಾವಾಗ ಕಳಸ್ತಿ?” ಸುನಂದಾ ಫೋನನ್ನು ನನ್ನ ಕೈಗೆ ಕೊಟ್ಟಳು.

2014ರ ಜೂನ್‌ನಲ್ಲಿ ನಾಲ್ಕು ಬೀಜ ಊರಲಾಯಿತು. ಒಂದು ಮೊಳೆಯಿತು. ಗಂಡು ಹೂಗಳನ್ನು ಯಾರೂ ಮುಟ್ಟಲಿಲ್ಲ. ಕಾಯಿ ಉದ್ದ, ಹಸಿರು; ಪಟ್ಟೆ ಇರಲಿಲ್ಲ. ಅತ್ತೆಯ ಗಡಿಗೆ ಅಡಿಗೆಮನೆಯ ಹಲಗೆಯ ಮೇಲಿದೆ. ಅದರಲ್ಲಿ ಬೂದಿ ಇದೆ.