ಡ್ರ್ಯಾಗನ್ ಬೆನ್ನ ಮೇಲೆ ಇನ್ನೂ ಜಾಗ ಇದೆ

ಮೂವತ್ತು ವರ್ಷ ಶಿವಾಜಿನಗರದಿಂದ ಕೆ.ಆರ್. ಪುರಂಗೆ, ಕೆ.ಆರ್. ಪುರಂನಿಂದ ಶಿವಾಜಿನಗರಕ್ಕೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನ ಕಾಲು ರಿಟೈರ್ ಆದ ಕೂಡಲೇ ಒಂದು ಕಡೆ ನಿಲ್ಲುತ್ತದೆಯೇ? ಬಾಣಸವಾಡಿಯ ನಮ್ಮ ಮನೆಯಲ್ಲಿ ನಾನು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಟ್ರಿಪ್ ಹೊಡೆಯುತ್ತಿದ್ದೆ. ಮೂರನೇ ದಿನವೇ ಹೆಂಡತಿ, "ಡಿಪೋಗೆ ಹೋಗಿ ಕೇಳ್ರೀ, ವಾಪಸ್ ತಗೋತಾರಾ ಅಂತ" ಎಂದಳು. ಇಂಥವನನ್ನು ಹಿಡಿದು ತಂದು ಮಕ್ಕಳ ಕಾರ್ಟೂನ್ ಸಿನಿಮಾಕ್ಕೆ ಕನ್ನಡದಲ್ಲಿ ದನಿ ಕೊಡಲು ಮೈಕಿನ ಮುಂದೆ ನಿಲ್ಲಿಸಿದರೆ ಏನೇನೋ ಆಗುತ್ತಲೇ ಇರುತ್ತದೆ. ತಪ್ಪು ನನ್ನದಲ್ಲ, ಕಾಲಿನದು. ಕಾಲು ಸುಮ್ಮನಿದ್ದಾಗ ಬಾಯಿಯದು.

ಹಿಡಿದು ತಂದವರು ಒಬ್ಬ ಡಬ್ಬಿಂಗ್ ಡೈರೆಕ್ಟರ್ ಮೇಡಂ. ಕೆ.ಆರ್. ಪುರಂ ಸಂತೆಯಲ್ಲಿ ಟೊಮೆಟೊ ಗಾಡಿಯ ಮುಂದೆ ಗುಂಪು ಕಟ್ಟಿದವರಿಗೆ ನಾನು ಅಭ್ಯಾಸಬಲದಿಂದ, "ದಾರಿ ಬಿಡ್ರೀ, ಒಳಗಡೆ ನಡೀರಿ" ಎಂದು ಕೂಗಿದೆ. ಗುಂಪಿನಲ್ಲಿದ್ದ ಒಬ್ಬಾಕೆ ಗಕ್ಕನೆ ತಿರುಗಿದರು.

"ಅಂಕಲ್, ನೀವಾ! ಕಾಲೇಜಿಗೆ ನಿಮ್ಮ ಬಸ್ಸಲ್ಲೇ ಹೋಗ್ತಿದ್ದೆ. ಈ ವಾಯ್ಸ್ ನನಗೆ ಬೇಕು."

"ತಗೊಂಡು ಹೋಗಿ ಮೇಡಂ" ಎಂದೆ. "ಮನೇಲಿ ಯಾರಿಗೂ ಬೇಡ."

ನಿಂತುಕೊಳ್ಳುವ ಕಷ್ಟ

ಸ್ಟುಡಿಯೋ ಇಂದಿರಾನಗರದ ಒಂದು ಬೇಸ್‌ಮೆಂಟಿನಲ್ಲಿತ್ತು. ಗಾಜಿನ ಆಚೆ ಮೇಡಂ, ಅವರ ಪಕ್ಕದಲ್ಲಿ ಸೌಂಡ್ ಇಂಜಿನಿಯರ್, ಈಚೆ ನಾನು ಮತ್ತು ಮೈಕು. ಪರದೆಯ ಮೇಲೆ ಪ್ರಾಣಿ ಬಾಯಿ ತೆರೆದಾಗ ನಾನು ಮಾತಾಡಬೇಕು, ಅದು ಮುಚ್ಚಿದಾಗ ಮುಚ್ಚಬೇಕು. ಇಷ್ಟೇ ಕೆಲಸ. ಆದರೆ ಮೊದಲ ದಿನವೇ ಇಂಜಿನಿಯರ್ ತಲೆ ಕೆರೆದುಕೊಂಡ. ನನ್ನ ದನಿ ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಬರುತ್ತಿತ್ತಂತೆ. ಕೇಬಲ್ ಬದಲಾಯಿಸಿದ, ಮೈಕ್ ಬದಲಾಯಿಸಿದ, ಕೊನೆಗೆ ಎದ್ದು ಬಂದು ಗಾಜಿಗೆ ಮುಖವಿಟ್ಟು ನೋಡಿದ.

"ಅಂಕಲ್, ಯಾಕೆ ಹಂಗೆ ಓಲಾಡ್ತಿದೀರ?"

"ಎಲ್ಲಪ್ಪ ಓಲಾಡ್ತಿದೀನಿ? ಸುಮ್ನೆ ನಿಂತ್ಕೊಂಡಿದೀನಲ್ಲ!"

ಮೂವತ್ತು ವರ್ಷ ನಾನು ನಿಂತಿದ್ದೇ ಹಾಗೆ. ಮಾರನೇ ದಿನ ಮೈಕಿನ ಪಕ್ಕ ನೆಲದಿಂದ ಸೂರಿನವರೆಗೆ ಒಂದು ಕಬ್ಬಿಣದ ಕಂಬ ನೆಟ್ಟರು. ಅದನ್ನು ಹಿಡಿದುಕೊಂಡ ಮೇಲೆ ಒಂದಿಂಚೂ ಅಲುಗಲಿಲ್ಲ. ಆಮೇಲೆ ಅಲ್ಲಿಗೆ ಬಂದ ಒಬ್ಬ ದೊಡ್ಡ ನಟ ಕಂಬವನ್ನು ಸುತ್ತಿ ಸುತ್ತಿ ನೋಡಿ, ಇದು ಸೌಂಡಿಗೆ ಒಳ್ಳೆಯದಾ ಎಂದು ವಿಚಾರಿಸಿ, ತನ್ನ ಮನೆಯಲ್ಲೂ ಒಂದು ಹಾಕಿಸಿಕೊಂಡನಂತೆ.

ಮೂರನೇ ಕಪ್ಪೆ

ಸರ್ವೀಸಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದೆಂದರೆ, "ಹಿಂದೆ ಖಾಲಿ ಬರ್ತಾ ಇದೆ, ಅದ್ರಲ್ಲಿ ಬನ್ನಿ." ತುಂಬಿದ ಬಸ್ಸಿಗೆ ಹಲಸೂರಿನಲ್ಲಿ ಇನ್ನೂ ಇಪ್ಪತ್ತು ಜನ ನುಗ್ಗಿದರೆ ಬೇರೆ ಏನು ಹೇಳಲಿ?

ನನಗೆ ಸಿಕ್ಕ ಮೊದಲ ಪಾತ್ರ ಒಂದು ಕಪ್ಪೆ. ಮೂರು ಕಪ್ಪೆಗಳಲ್ಲಿ ಮೂರನೆಯದು. ಮಂತ್ರದ ಕೊಳದಲ್ಲಿ ಒಂದು ತಾವರೆ ಎಲೆ, ಅದರ ತುಂಬ ಕಪ್ಪೆಗಳು, ಇನ್ನೊಂದು ಕಪ್ಪೆ ಓಡೋಡಿ ಬಂದು ಹತ್ತಲು ನೋಡುತ್ತದೆ. "ಇಲ್ಲಿ ಜಾಗ ಇಲ್ಲ, ಆಚೆ ಹೋಗು" ಎನ್ನುವುದು ನನ್ನ ಒಂದೇ ಒಂದು ಡೈಲಾಗು. ನಾನು ಕಂಬ ಹಿಡಿದು, "ಜಾಗ ಇಲ್ಲ ಜಾಗ ಇಲ್ಲ, ಹಿಂದೆ ಖಾಲಿ ಬರ್ತಾ ಇದೆ" ಎಂದುಬಿಟ್ಟೆ.

ಮೇಡಂ ಕೇಳಿದರು, "ಏನು ಖಾಲಿ ಬರ್ತಾ ಇದೆ ಅಂಕಲ್?"

"ಎಲೆ ಮೇಡಂ."

ಇಂಜಿನಿಯರ್ ಪಾಪ, ಸೀನನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿದ. "ಹಿಂದ್ಗಡೆ ಯಾವ ಎಲೆನೂ ಬರ್ತಿಲ್ಲ ಅಂಕಲ್."

"ಬರಲ್ಲ ಕಣಪ್ಪ" ಎಂದೆ. "ಯಾವತ್ತೂ ಬರಲ್ಲ."

ಯುಕೆಜಿಯಲ್ಲಿ ಘೋಷಣೆ

ನನ್ನ ಮೊಮ್ಮಗಳಿಗೆ ಐದು ವರ್ಷ. ಅವಳ ಕಾಲೂ ನನ್ನದೇ ಕಂಪನಿಯದು, ಒಂದು ಕಡೆ ನಿಲ್ಲುವುದಿಲ್ಲ. ಸ್ಕೂಲಿನಲ್ಲಿ ಎಲ್ಲರೂ ತಾತಂದಿರ ಬಗ್ಗೆ ಹೇಳುವ ದಿನ ಅವಳು ಎದ್ದು ನಿಂತು, "ನಮ್ಮ ತಾತ ಸಿನಿಮಾದಲ್ಲಿ ಡ್ರ್ಯಾಗನ್" ಎಂದು ಹೇಳಿ ಬಂದಳು.

"ನಾನು ಕಪ್ಪೆ ಕಣೇ" ಎಂದೆ.

"ಕಪ್ಪೆ ಅಂತ ಹೆಂಗೆ ಹೇಳ್ಲಿ ತಾತ? ಎಲ್ರೂ ನಗ್ತಾರೆ!"

ನಗುವವರು ಆಗಲೇ ನಕ್ಕಿದ್ದರು. ಅವಳ ಕ್ಲಾಸಿನ ಎರಡು ಜಡೆಯ ಒಬ್ಬ ಹುಡುಗಿ, "ಸುಳ್ಳು. ಡ್ರ್ಯಾಗನ್ ಯಾರ ತಾತನೂ ಆಗಿರಲ್ಲ" ಎಂದು ತೀರ್ಪು ಕೊಟ್ಟಿದ್ದಳು. ನಮ್ಮವಳು ಎರಡು ದಿನ ಸ್ಕೂಲಿಗೆ ಹೋಗುವುದಿಲ್ಲವೆಂದು ಹಟ ಹಿಡಿದಳು. ಕೆಲಸದಲ್ಲಿದ್ದಾಗ ಒಂದು ಪ್ರಮೋಷನ್ನನ್ನೂ ಕೇಳದ ನಾನು ಮೇಡಂ ಹತ್ತಿರ ಹೋಗಿ, "ಒಂದು ಡ್ರ್ಯಾಗನ್ ಕೊಡಿ" ಎಂದು ಬೇಡಿಕೊಂಡೆ.

ಪುಣ್ಯಕ್ಕೆ ಸ್ಟುಡಿಯೋಗೆ ಒಂದು ಡ್ರ್ಯಾಗನ್ ಸಿನಿಮಾ ಬಂದೇ ಇತ್ತು. "ಆದ್ರೆ ಅಂಕಲ್, ಒಂದೇ ಒಂದು ಬಸ್ಸಿನ ಮಾತು ಬಂದ್ರೂ ಬೇರೆಯವ್ರನ್ನ ಕರಿಸ್ತೀನಿ" ಎಂದರು.

ಮೂರು ದಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಘರ್ಜನೆ ಅಭ್ಯಾಸ ಮಾಡಿದೆ. ನಾಲ್ಕನೇ ದಿನ ಮೇಲಿನ ಮನೆಯವರು ಇಸಬ್‌ಗೋಲ್ ತಂದುಕೊಟ್ಟು, "ಬಿಸಿನೀರಲ್ಲಿ ತಗೊಳ್ಳಿ, ಎಲ್ಲ ಸರಿಹೋಗುತ್ತೆ" ಎಂದರು.

ಏಳು ಮಕ್ಕಳು, ಒಂದು ಬೆನ್ನು

ಇಡೀ ಸಿನಿಮಾ ಬಾಯಿ ಬಿಗಿಹಿಡಿದು ಮುಗಿಸಿದೆ. ಬೆಂಕಿ ಉಗುಳಿದೆ, ಮಾಟಗಾತಿಯನ್ನು ಬೈದೆ, ಒಂದು ಕಡೆ ಕಣ್ಣೀರೂ ಹಾಕಿದೆ. ಬಸ್ಸಿನ ಮಾತು ಒಂದೂ ಇಲ್ಲ. ಕೊನೆಯ ಸೀನು ಮಾತ್ರ ಉಳಿದಿತ್ತು. ಕೋಟೆ ಕುಸಿಯುತ್ತಿದೆ, ಏಳು ಮಕ್ಕಳು ಡ್ರ್ಯಾಗನ್ನಿನ ಬಾಲದ ಕಡೆಯಿಂದ ಬೆನ್ನು ಹತ್ತಬೇಕು, ಅದು ಹಾರಬೇಕು. "ಭಯಪಡಬೇಡಿ, ನಾನಿದ್ದೇನೆ" ಎಂದರೆ ನನ್ನ ಕೆಲಸ ಮುಗಿಯಿತು.

ಪರದೆ ನೋಡುತ್ತೇನೆ, ಏಳು ಮಕ್ಕಳೂ ಹತ್ತಿದ ಜಾಗದಲ್ಲೇ, ಬಾಲದ ಹತ್ತಿರವೇ ಗುಂಪಾಗಿ ನಿಂತಿದ್ದಾರೆ! ಮುಂದೆ ಕುತ್ತಿಗೆಯವರೆಗೆ ಬೆನ್ನು ಪೂರ್ತಿ ಖಾಲಿ! ಇದನ್ನು ಕಂಡು ಯಾವ ಕಂಡಕ್ಟರ್ ಸುಮ್ಮನಿರುತ್ತಾನೆ?

"ಮುಂದೆ ಹೋಗ್ರೀ! ಡೋರ್ ಹತ್ರ ನಿಲ್ಬೇಡ್ರೀ! ಒಳಗಡೆ ಜಾಗ ಇದೆ, ನಡೀರಿ ನಡೀರಿ! ರೈಟ್ ರೈಟ್!" ಎಂದವನೇ ಕಂಬಕ್ಕೆ ಅಂಗೈಯಿಂದ ಧಬ್ ಧಬ್ ಎಂದು ಎರಡು ಬಾರಿಸಿದೆ.

ಗಾಜಿನ ಆಚೆ ಮೇಡಂ ಮುಖ ಮುಚ್ಚಿಕೊಂಡಿದ್ದರು. ಇಂಜಿನಿಯರ್ ಟೇಬಲ್ಲಿನ ಕೆಳಗೆ ಏನೋ ಹುಡುಕುತ್ತಿದ್ದ. ನಾನು ಕೈಮುಗಿದು, "ಅದೊಂದನ್ನ ತೆಗೆದುಬಿಡಿ ಮೇಡಂ, ಇನ್ನೊಂದು ಸಲ ಹೇಳ್ತೀನಿ" ಎಂದೆ.

"ಬೇಡ ಅಂಕಲ್. ನೀವು ಮನೆಗೆ ಹೋಗಿ" ಎಂದರು ಮುಖದಿಂದ ಕೈ ತೆಗೆಯದೆ.

ಆಮೇಲೆ ಒಂದು ಫೋನಿಲ್ಲ. ನನ್ನನ್ನು ಬಿಟ್ಟು ಬೇರೆಯವರನ್ನು ಕರೆಸಿದ್ದಾರೆಂದು ಖಾತ್ರಿಯಾಯಿತು. ಮನೆಯಲ್ಲಿ ಟ್ರಿಪ್‌ಗಳು ಜಾಸ್ತಿಯಾದವು. ಈ ಸಲ ಹೆಂಡತಿ ಡಿಪೋ ವಿಷಯ ಎತ್ತಲಿಲ್ಲ. ಹಾಲಿನ ಮಧ್ಯದಲ್ಲಿದ್ದ ಟೀಪಾಯಿಯನ್ನು ಪಕ್ಕಕ್ಕೆ ಸರಿಸಿ, "ಹೋಗ್ಲಿ, ರೋಡಾದ್ರೂ ಅಗಲ ಇರ್ಲಿ" ಎಂದಳು.

ಭಾನುವಾರ ಬೆಳಗಿನ ಆಟ

ಸಿನಿಮಾ ಬಂತು. ಮೊಮ್ಮಗಳು ಕ್ಲಾಸಿಗೆ ಕ್ಲಾಸನ್ನೇ ಅಪ್ಪ ಅಮ್ಮಂದಿರ ಸಮೇತ ಹಳೇ ಮದ್ರಾಸ್ ರಸ್ತೆಯ ಒಂದು ಮಾಲಿಗೆ ಹೊರಡಿಸಿದ್ದಳು. ಅವಳಿಗೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ನನ್ನ ಎಡಕ್ಕೆ ಅವಳು, ಅವಳ ಆಚೆ ಎರಡು ಜಡೆಯವಳು.

ಡ್ರ್ಯಾಗನ್ ಬಾಯಿ ತೆರೆಯಿತು. ಗುಡುಗು, ಗವಿಯೊಳಗಿನ ಪ್ರತಿಧ್ವನಿ, ಭಾರಿ ದನಿ. ಅದು ನನ್ನದಲ್ಲವೇ ಅಲ್ಲ.

"ತಾತ" ಎಂದಳು ಮೊಮ್ಮಗಳು ಮೆಲ್ಲಗೆ. "ಇದು ನೀನಲ್ಲ."

"ನಾನ್ ಹೇಳ್ಲಿಲ್ವಾ?" ಎಂದಳು ಎರಡು ಜಡೆಯವಳು, ಪಾಪ್‌ಕಾರ್ನ್ ಅಗಿಯುತ್ತ.

ಮೊಮ್ಮಗಳು ಅಳಲಿಲ್ಲ. ಅದೇ ಕಷ್ಟವಾಗಿದ್ದು. ಒಂದೂವರೆ ಗಂಟೆ ಕಾಲು ಅಲ್ಲಾಡಿಸದೆ ಕೂತಿದ್ದಳು. ಹುಟ್ಟಿದಾಗಿನಿಂದ ಅವಳು ಹಾಗೆ ಕೂತಿದ್ದನ್ನು ನಾನು ನೋಡಿರಲಿಲ್ಲ. ಎದ್ದು ಹೊರಗೆ ಓಡಿಹೋಗೋಣ ಎನ್ನಿಸಿತು.

ಅಷ್ಟರಲ್ಲಿ ಕೋಟೆ ಕುಸಿಯತೊಡಗಿತು. ಮಕ್ಕಳು ಬಾಲ ಹತ್ತಿ ಅಲ್ಲೇ ಗುಂಪಾದರು. ಡ್ರ್ಯಾಗನ್ ಕತ್ತು ತಿರುಗಿಸಿ ನೋಡಿತು. ಆಮೇಲೆ ಗುಡುಗು, ಗವಿ ಎಲ್ಲದರ ಸಮೇತ ಇಡೀ ಥಿಯೇಟರ್ ನಡುಗುವಂತೆ ಹೇಳಿತು:

"ಮುಂದೆ ಹೋಗ್ರೀ! ಡೋರ್ ಹತ್ರ ನಿಲ್ಬೇಡ್ರೀ! ಒಳಗಡೆ ಜಾಗ ಇದೆ, ನಡೀರಿ ನಡೀರಿ! ರೈಟ್ ರೈಟ್!"

ಧಬ್ ಧಬ್.

ಡ್ರ್ಯಾಗನ್ ಹಾರಿತು. ಥಿಯೇಟರಿನಲ್ಲಿ ಮೆಟ್ಟಿಲ ಹತ್ತಿರ ನಿಂತಿದ್ದ ಅಪ್ಪಂದಿರು ನಾಲ್ಕು ಹೆಜ್ಜೆ ಮುಂದೆ ಹೋದರು. ನಮ್ಮ ಸಾಲಿನ ಕೊನೆಯಲ್ಲಿದ್ದ ಅಜ್ಜಿ ಬ್ಯಾಗ್ ಎದೆಗವಚಿಕೊಂಡು ಒಂದು ಸೀಟು ಒಳಗೆ ಸರಿದರು. ಮೊಮ್ಮಗಳು ಸೀಟಿನ ಮೇಲೆ ಹತ್ತಿ ನಿಂತು, "ನಮ್ ತಾತ! ಅದು ನಮ್ ತಾತ!" ಎಂದು ಕಿರುಚಿದಳು. ಇಂಜಿನಿಯರ್ ನನ್ನ ದನಿಗೇ ಗುಡುಗು, ಗವಿ ಬೆರೆಸಿದ್ದನೆಂದು ಆಗ ಹೊಳೆಯಿತು. ನನಗೆ ಕಣ್ಣೀರು ಬಂತು, ನಗುವೂ ಬಂತು.

ದೀಪ ಹೊತ್ತಿದ ಮೇಲೆ ಎರಡು ಜಡೆಯವಳು ನನ್ನ ಮುಂದೆ ಬಂದು ನಿಂತಳು. ಮುಖದಲ್ಲಿ ತೀರ್ಪು ಕೊಡುವ ಗತ್ತು ಇರಲಿಲ್ಲ.

"ತಾತ, ಡ್ರ್ಯಾಗನ್ ಮೇಲೆ ನನಗೂ ಜಾಗ ಇದ್ಯಾ?"

ಇದೆ ಪುಟ್ಟಿ ಎನ್ನಬೇಕೆಂದೇ ಬಾಯಿ ತೆರೆದೆ. ಆದರೆ ಬಾಯಿ ಮೂವತ್ತು ವರ್ಷದ ಸರ್ವೀಸಿನದು.

"ಫುಲ್ ಆಗಿದೆ ಕಣಮ್ಮ. ಹಿಂದೆ ಖಾಲಿ ಬರ್ತಾ ಇದೆ, ಅದ್ರಲ್ಲಿ ಬಾ."

ಅವಳು ಹೋಗಿ ತನ್ನ ಸೀಟಿನಲ್ಲಿ ಕೂತುಬಿಟ್ಟಳು. ಅವರಮ್ಮ ಎಷ್ಟು ಎಳೆದರೂ ಏಳಲಿಲ್ಲ. ಖಾಲಿ ಡ್ರ್ಯಾಗನ್ ಬರುವವರೆಗೆ ಕಾಯುತ್ತಾಳಂತೆ. ಮೂವತ್ತು ವರ್ಷದಲ್ಲಿ ನನ್ನ ಆ ಮಾತನ್ನು ನಂಬಿದ ಮೊದಲ ಪ್ಯಾಸೆಂಜರ್ ಅವಳೇ.